ಗೃಹಾರೋಗ್ಯ ವಿಚಾರ: ರೋಗ ನೀಗಿದ ಮೇಲೆ ಉಳಿಯುವ ಜೋಮು

ಅರ್ಬುದವೆಂದೂ ಕ್ಯಾನ್ಸರ್ ಎಂದೂ ಕರೆಯಲ್ಪಡುವ ಘೋರವ್ಯಾಧಿಯಿಂದ ಪಾರಾಗಿ ಮನೆಗೆ ಮರಳಿದವರನ್ನು ನಾವೆಲ್ಲರೂ ಸಂತೋಷದಿಂದ ಎದುರುಗೊಳ್ಳುತ್ತೇವೆ. ಹೊತ್ತ ಹರಕೆಗಳು ಸಲ್ಲುತ್ತವೆ. ಬಂಧುಬಳಗದವರು ಬಂದು ನೋಡಿಹೋಗುತ್ತಾರೆ. ಉದುರಿದ ಕೂದಲು ಮತ್ತೆ ಬೆಳೆಯುತ್ತದೆ. ಆ ಬಳಿಕ ಮನೆಯವರು ನಡೆದುದನ್ನು ಮರೆಯಲು ಬಯಸುವುದು ಸಹಜವೇ. ಆದರೆ ಗುಣಹೊಂದಿದವರಲ್ಲಿ ಅನೇಕರು ಮರೆಯಲಾಗದ ಒಂದು ಬಾಧೆಯನ್ನು ಕೈಕಾಲುಗಳಲ್ಲಿ ಹೊತ್ತೇ ಇರುತ್ತಾರೆ. ಬೆರಳ ತುದಿಗಳು ಮರಗಟ್ಟಿರುತ್ತವೆ. ನೆಲದ ಮೇಲಿಟ್ಟ ಅಂಗಾಲು ಹತ್ತಿಯ ಮೇಲಿಟ್ಟಂತಿರುತ್ತದೆ. ರಾತ್ರಿ ಮಲಗಿದರೆ ಸೂಜಿ ಚುಚ್ಚಿದಂತೆ, ಮೆಣಸಿನಕಾಯಿ ಅರೆದು ಹಚ್ಚಿದಂತೆ ಪಾದಗಳು ಉರಿಯುತ್ತವೆ. “ಪ್ರಾಣ ಉಳಿದದ್ದೇ ಹೆಚ್ಚು, ಜೋಮಿಗಾಗಿ ಗೋಳಾಡುವುದೆ?” ಎಂದು ಅವರು ತಮ್ಮಷ್ಟಕ್ಕೆ ಸುಮ್ಮನಾಗುತ್ತಾರೆ, ಕೆಲವೆಡೆ ಮನೆಯವರೇ ಹಾಗೆ ಹೇಳಿ ಸುಮ್ಮನಾಗಿಸುತ್ತಾರೆ. ಈ ಮೌನದಿಂದಾಗುವ ಹಾನಿಯನ್ನು ಈ ತಿಂಗಳು ವಿಚಾರಿಸೋಣ.

ಮೊದಲು ಇದರ ಕಾರಣವನ್ನು ತಿಳಿಯತಕ್ಕದ್ದು. ನಮ್ಮ ಅಂಗಳಗಳಲ್ಲಿ ವರ್ಷವೆಲ್ಲ ಹೂಬಿಡುವ ನಿತ್ಯಪುಷ್ಪದ ಗಿಡವನ್ನು ಕಾಣದವರಿಲ್ಲ. ಮಡಗಾಸ್ಕರ್ ದ್ವೀಪದಿಂದ ಬಂದ ಈ ಗಿಡದಲ್ಲಿ ಅತ್ಯಲ್ಪವಾಗಿ ದೊರೆಯುವ ವಿನ್‌ಕ್ರಿಸ್ಟಿನ್ ಎಂಬ ಔಷಧವು 1963ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಮಕ್ಕಳ ರಕ್ತದ ಕ್ಯಾನ್ಸರಿಗೆ ಅದು ಇಂದಿಗೂ ಮುಖ್ಯ ಮದ್ದು. (ಗಿಡದ ಎಲೆಯನ್ನು ಜಗಿದರೆ ಮದ್ದಾಗದು; ಅದು ವಿಷಕರವಾದುದರಿಂದ ಯಾರೂ ಆ ಸಾಹಸಕ್ಕೆ ಕೈಹಾಕಬಾರದು.) ಅಮೆರಿಕದ ಪಶ್ಚಿಮ ಕರಾವಳಿಯ ಯೂ ಮರದ ತೊಗಟೆಯಲ್ಲಿ ಮೊದಲು ದೊರೆತ ಪ್ಯಾಕ್ಲಿಟ್ಯಾಕ್ಸೆಲ್ 1992ರಲ್ಲಿ ಬಳಕೆಗೆ ಬಂದಿತು, ಪ್ಲಾಟಿನಂ ಲೋಹದಿಂದ ಸಿದ್ಧಪಡಿಸಿದ ಸಿಸ್‌ಪ್ಲಾಟಿನ್ ಅದಕ್ಕೂ ಮೊದಲು, 1978ರಲ್ಲಿ. ಇವುಗಳಿಂದ ಬದುಕಿದವರು ಅಸಂಖ್ಯ. ನರಗಳನ್ನು ನೋಯಿಸುವ ಔಷಧಗಳಲ್ಲಿಯೂ ಇವೇ ಮುಂದಿರುವುವು.

ಜೀವಕೋಶವು ಎರಡಾಗಿ ಒಡೆಯುವಾಗ ಅದರೊಳಗಿನ ಅತಿ ಸೂಕ್ಷ್ಮ ನಳಿಕೆಗಳು ವಂಶದ ಗಂಟನ್ನು ಎರಡು ಪಾಲುಮಾಡಿ ಎಳೆದುಕೊಡುತ್ತವೆ. ವಿನ್‌ಕ್ರಿಸ್ಟಿನ್, ಪ್ಯಾಕ್ಲಿಟ್ಯಾಕ್ಸೆಲ್‌ಗಳು ಈ ನಳಿಕೆಗಳನ್ನೇ ಕೆಡಿಸುವುದರಿಂದ ಕ್ಯಾನ್ಸರಿನ ಕೋಶಗಳು ಒಡೆಯಲಾರದೆ ಸಾಯುತ್ತವೆ. ನರದ ಕೋಶಗಳು ಒಡೆಯುವುದಿಲ್ಲ, ನಿಜ. ಆದರೆ ಅಂಥ ನಳಿಕೆಗಳೇ ಅಲ್ಲಿ ದಾರಿಯಂತಿದ್ದು, ಬೆನ್ನೆಲುಬಿನ ಪಕ್ಕದಲ್ಲಿರುವ ಕೋಶದಿಂದ ಪಾದದ ತುದಿಯವರೆಗೆ ಪೋಷಣೆಯನ್ನು ಸಾಗಿಸುತ್ತವೆ. ಆ ದೂರವು ವಯಸ್ಕರಲ್ಲಿ ಸುಮಾರು 1 ಮೀಟರ್. ದಾರಿ ಕೆಟ್ಟರೆ ಕೊನೆಯ ಊರಿಗೆ ಮೊದಲು ಬರ ಬರುವಂತೆ, ಅತಿ ಉದ್ದವಾದ ನರಗಳು ಮೊದಲು ಸೊರಗುತ್ತವೆ. ಆದುದರಿಂದಲೇ ಜೋಮು ಕಾಲ್ಬೆರಳುಗಳಿಂದ ಆರಂಭಿಸಿ, ಕಾಲುಚೀಲ ಕೈಚೀಲಗಳನ್ನು ತೊಟ್ಟ ರೀತಿಯಲ್ಲಿ ಏರುತ್ತದೆ. ಪ್ಲಾಟಿನಂ ಔಷಧಗಳಾದರೋ ನರದ ಮೂಲಕೋಶಗಳನ್ನೇ ಹೊಡೆಯುತ್ತವೆ. ಅವನ್ನು ನಿಲ್ಲಿಸಿದ ಮೇಲೂ ಎರಡು ಮೂರು ತಿಂಗಳವರೆಗೆ ಬಾಧೆ ಹೆಚ್ಚಬಹುದು. ರೋಗವೇ ಮರಳಿತೆಂದು ಆಗ ಎದೆಗೆಡಬೇಕಾಗಿಲ್ಲ. ಈ ವರ್ಗದ ಆಕ್ಸಾಲಿಪ್ಲಾಟಿನ್ ಕೊಟ್ಟ ಕೆಲವು ದಿನ ತಣ್ಣೀರು ಮುಟ್ಟಿದರೆ ಬೆರಳು ಜುಮ್ಮೆನ್ನುವುದು, ಕುಡಿದರೆ ಗಂಟಲು ಬಿಗಿದಂತಾಗುವುದು ಉಂಟು.

ಇದು ವಿರಳವಾದ ಬಾಧೆಯೂ ಅಲ್ಲ, ಮನಸ್ಸಿನ ಭ್ರಮೆಯೂ ಅಲ್ಲ. 4,000ಕ್ಕೂ ಹೆಚ್ಚು ರೋಗಿಗಳನ್ನೊಳಗೊಂಡ 31 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಚಿಕಿತ್ಸೆ ಮುಗಿದ ಮೊದಲ ತಿಂಗಳಲ್ಲಿ 100ಕ್ಕೆ 68 ಮಂದಿಗೂ, ಮೂರನೆಯ ತಿಂಗಳಲ್ಲಿ 60 ಮಂದಿಗೂ, ಆರು ತಿಂಗಳ ಮೇಲೆ 30 ಮಂದಿಗೂ ಈ ತೊಂದರೆ ಇದ್ದಿತು. ಅಮೆರಿಕದಲ್ಲಿ ಕ್ಯಾನ್ಸರಿನಿಂದ ಉಳಿದ 512 ಸ್ತ್ರೀಯರನ್ನು ಕುರಿತು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೋಗ ಪತ್ತೆಯಾಗಿ ಸರಾಸರಿ ಆರು ವರ್ಷ ಕಳೆದಿದ್ದರೂ 100ಕ್ಕೆ 47 ಮಂದಿಗೆ ಲಕ್ಷಣಗಳು ಉಳಿದಿದ್ದುವು. ಅಂಥವರು ಬೀಳುವುದು ಉಳಿದವರಿಗಿಂತ 1.8 ಪಟ್ಟು ಹೆಚ್ಚಾಗಿದ್ದಿತು.

ಅಂಕಿಗಳ ಹಿಂದಿರುವ ಬಾಳನ್ನು ನೋಡೋಣ. ರಂಗೋಲಿಯ ಪುಡಿ ಬೆರಳ ಸಂದಿನಲ್ಲಿ ನಿಲ್ಲುವುದಿಲ್ಲ. ಅಕ್ಕಿಯ ಕಲ್ಲು ಕೈಗೆ ಸಿಕ್ಕುವುದಿಲ್ಲ. ಅಂಗಿಯ ಗುಂಡಿ, ಸೀರೆಯ ನೆರಿಗೆ, ಹೂವಿನ ದಾರ, ಎಲ್ಲವೂ ಹಟಹಿಡಿಯುತ್ತವೆ. ಕಾಲಿನಿಂದ ಚಪ್ಪಲಿ ಕಳಚಿದುದು ಹತ್ತು ಹೆಜ್ಜೆ ನಡೆದ ಮೇಲೆ ತಿಳಿಯುತ್ತದೆ. ಪಾದಗಳು ನೆಲದ ಸುದ್ದಿಯನ್ನು ತಿಳಿಸದಿರುವುದರಿಂದ ಕಣ್ಣೇ ಆ ಕೆಲಸವನ್ನೂ ಮಾಡಬೇಕಾಗುತ್ತದೆ. ಮುಖ ತೊಳೆಯುವಾಗ ಕಣ್ಣು ಮುಚ್ಚಿದೊಡನೆ ಮೈ ತೂಗಾಡುವುದು ಇದರಿಂದಲೇ. ದರ್ಜಿಯವನಿಗೆ, ಹೂ ಕಟ್ಟಿ ಮಾರುವವಳಿಗೆ ಇದು ಜೀವನೋಪಾಯದ ಪ್ರಶ್ನೆ. ಹೊರಗೆ ನೋಡುವವರಿಗೆ ಮಾತ್ರ ಗಾಯವೂ ಇಲ್ಲ, ಬಾವೂ ಇಲ್ಲ.

ಮೌನವು ಅತ್ಯಂತ ಅಪಾಯಕರವಾಗುವುದು ಚಿಕಿತ್ಸೆ ನಡೆಯುತ್ತಿರುವಾಗ. ಈ ಬಾಧೆ ಬಾರದಂತೆ ತಡೆಯುವುದೆಂದು ಸಿದ್ಧಪಟ್ಟ ಔಷಧ ಇನ್ನೂ ಇಲ್ಲ. ಪ್ರಮಾಣವನ್ನು ತಗ್ಗಿಸುವುದು, ಸರದಿಗಳ ನಡುವಣ ಅವಧಿಯನ್ನು ಹೆಚ್ಚಿಸುವುದು, ಬೇರೆ ಔಷಧಕ್ಕೆ ತಿರುಗುವುದು, ಇವೇ ವೈದ್ಯರ ಕೈಯಲ್ಲಿರುವ ಮುಖ್ಯ ಉಪಾಯಗಳು. ರೋಗಿ ಹೇಳಿದರಲ್ಲದೆ ಅವರು ಇವನ್ನು ಯೋಚಿಸಲಾರರು. ಹೇಳಿದರೆ ಮದ್ದು ನಿಲ್ಲಿಸಿಯಾರೆಂದು ಹೆದರಿ ಮುಚ್ಚಿಡುವವರುಂಟು. ರೋಗದ ಅಪಾಯವನ್ನೂ ನರದ ಅಪಾಯವನ್ನೂ ತೂಗಿನೋಡುವುದು ವೈದ್ಯರ ಧರ್ಮ. ತಕ್ಕಡಿಯ ಒಂದು ತಟ್ಟೆಯನ್ನೇ ನಾವು ಮರೆಮಾಡಿದರೆ ಆ ತೂಕ ಸರಿಯಾದೀತೆ? ಹಾಗೆಂದು ಯಾರೂ ತಾವಾಗಿ ಮದ್ದನ್ನು ಬಿಡಲೂಬಾರದು.

ಚಿಕಿತ್ಸೆ ಮುಗಿದ ಮೇಲೆ ಉಳಿಯುವ ನೋವಿಗೆ ಡುಲಾಕ್ಸೆಟಿನ್ ಎಂಬ ಗುಳಿಗೆಯು ಕೆಲವರಿಗೆ ಅನುಕೂಲವಾಗಿದೆ. 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇದನ್ನು ಸೇವಿಸಿದವರಲ್ಲಿ 100ಕ್ಕೆ 59 ಮಂದಿ ನೋವು ತಗ್ಗಿತೆಂದರು. ಮದ್ದಿಲ್ಲದ ಬರಿಯ ಗುಳಿಗೆ ನುಂಗಿದವರಲ್ಲಿ ಹಾಗೆಂದವರು 38 ಮಂದಿ. ವೈದ್ಯರ ಅಪ್ಪಣೆಯಿಲ್ಲದೆ ಇದನ್ನು ಸೇವಿಸುವಂತಿಲ್ಲ. “ನರಕ್ಕೆ ಬಲ” ಎಂದು ಅಂಗಡಿಯಲ್ಲಿ ಮಾರುವ ಪದಾರ್ಥಗಳ ವಿಷಯದಲ್ಲಿ ಎಚ್ಚರಿಕೆ ಅವಶ್ಯ. ಅಸಿಟೈಲ್ ಎಲ್ ಕಾರ್ನಿಟಿನ್ ಎಂಬ ಅಂಥದೊಂದನ್ನು ಸ್ತನದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದ ಸ್ತ್ರೀಯರಿಗೆ ಕೊಟ್ಟು ನೋಡಿದಾಗ ಬಾಧೆ ತಗ್ಗುವುದರ ಬದಲು ಹೆಚ್ಚಿತೆಂಬುದು 2013ರಲ್ಲಿ ತಿಳಿದುಬಂದಿತು. ಸಿಹಿಮೂತ್ರರೋಗ, ಮದ್ಯಪಾನ, ಬಿ12 ಜೀವಸತ್ವದ ಕೊರತೆ ಇವೂ ನರಗಳನ್ನು ಕೆಡಿಸುವುವಾದುದರಿಂದ, ಸಸ್ಯಾಹಾರಿಗಳು ವಿಶೇಷವಾಗಿ ಬಿ12ರ ಪರೀಕ್ಷೆಯ ವಿಚಾರವನ್ನು ವೈದ್ಯರಲ್ಲಿ ಕೇಳಬೇಕು. ನಡಿಗೆ, ಸಮತೋಲದ ಅಭ್ಯಾಸಗಳು ಹಲವರಿಗೆ ಸಹಾಯಕ. ನರದ ಚಿಗುರು ದಿನಕ್ಕೆ ಸಾಮಾನ್ಯವಾಗಿ ಸುಮಾರು 1 ಮಿಲಿಮೀಟರಿನಷ್ಟು ಬೆಳೆಯುವುದು, ತಾಳ್ಮೆ ಬೇಕು.

ಉಳಿದುದು ಮನೆಯವರ ಕೈಯಲ್ಲಿದೆ. ಸ್ನಾನದ ನೀರಿನ ಬಿಸಿಯನ್ನು ಮರಗಟ್ಟಿದ ಕೈಯಿಂದ ನೋಡಬಾರದು. ಮೊಣಕೈಯಿಂದ ನೋಡಬೇಕು, ಇಲ್ಲವೆ ಬೇರೊಬ್ಬರು ನೋಡಿಕೊಡಬೇಕು. ಬಚ್ಚಲಿನ ನೆಲ ಜಾರದಂತಿರಲಿ, ಗೋಡೆಗೆ ಹಿಡಿ ಇರಲಿ; ರಾತ್ರಿ ಒಂದು ಸಣ್ಣ ದೀಪ ಉರಿಯಲಿ. ಮನೆಯೊಳಗೂ ಹಿಮ್ಮಡಿಗೆ ಪಟ್ಟಿಯುಳ್ಳ ಮೆತ್ತನೆಯ ಪಾದರಕ್ಷೆ ಒಳ್ಳೆಯದು. ಪಾದಕ್ಕೆ ಬಿಸಿನೀರಿನ ಚೀಲವಾಗಲಿ ಕಾವಾಗಲಿ ಬೇಡ, ಸುಟ್ಟರೂ ತಿಳಿಯದು. ದೇವಾಲಯದ ಪ್ರದಕ್ಷಿಣೆಯನ್ನು ಕಲ್ಲು ಕಾಯುವ ಮುನ್ನ ಮುಗಿಸುವುದು ಲೇಸು. ಪ್ರತಿರಾತ್ರಿ ಅಂಗಾಲುಗಳನ್ನು ಬೆಳಕಿನಲ್ಲಿ ನೋಡಿ, ಮುಳ್ಳೋ ಬೊಬ್ಬೆಯೋ ಇದೆಯೆ ಎಂದು ಪರೀಕ್ಷಿಸತಕ್ಕದ್ದು. ಇಷ್ಟಾದರೂ ಎಲ್ಲ ಕೆಲಸಗಳನ್ನೂ ಅವರ ಕೈಯಿಂದ ಕಿತ್ತುಕೊಳ್ಳುವುದು ದಯೆಯಲ್ಲ. ಈಳಿಗೆಮಣೆಯನ್ನೂ ಕಾದ ಪಾತ್ರೆಯನ್ನೂ ಬೇರೆಯವರು ವಹಿಸಿಕೊಂಡು, ಹೊತ್ತು ಹಿಡಿದರೂ ಅವರಿಂದಾಗುವ ಕೆಲಸವನ್ನು ಅವರಿಗೇ ಬಿಡಬೇಕು.

ಒಂದು ಭೇದವನ್ನು ಮಾತ್ರ ಮರೆಯಬಾರದು. ಎರಡು ಕಾಲುಗಳ ಬಲವು ಇದ್ದಕ್ಕಿದ್ದಂತೆ ಕುಂದಿದರೆ, ಮಲಮೂತ್ರಗಳ ಮೇಲಿನ ಹಿಡಿತ ತಪ್ಪಿದರೆ, ಹೊಸದಾಗಿ ಬೆನ್ನುನೋವು ತೋರಿ ಹೆಚ್ಚುತ್ತಿದ್ದರೆ, ಅದನ್ನು ಈ ಜೋಮೆಂದು ಭಾವಿಸದೆ ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಬೇಕು.

“ಹೇಗಿದ್ದೀರಿ?” ಎಂದು ಕೇಳಿದರೆ “ಚೆನ್ನಾಗಿದ್ದೇನೆ” ಎಂಬ ಉತ್ತರವೇ ಬರುವುದು ನಮ್ಮ ಲೋಕದ ವಾಡಿಕೆ. ಆದುದರಿಂದ ನಮ್ಮ ವಾಚಕರು ಹೀಗೆ ಕೇಳಲಿ: ಗುಂಡಿ ಹಾಕಿಕೊಳ್ಳಲಾಗುತ್ತದೆಯೆ? ಕತ್ತಲೆಯಲ್ಲಿ ನಡೆಯಲಾಗುತ್ತದೆಯೆ? ಕಾಲಿನ ಉರಿಯಿಂದ ನಿದ್ರೆ ಕೆಡುತ್ತದೆಯೆ? ದೊರೆತ ಉತ್ತರಗಳನ್ನು ತಾರೀಖಿನೊಡನೆ ಬರೆದಿಟ್ಟು, ಮುಂದಿನ ಸಲ ವೈದ್ಯರೆದುರಿಗೆ ಓದಲಿ.