ಅಮ್ಮನ ಸುಸ್ತು

"ಸ್ವಲ್ಪ ಸುಸ್ತು ಅಷ್ಟೇ ಮಾರಾಯ" ಅಂತ ಅಮ್ಮ ಫೋನಲ್ಲಿ ಹೇಳಿದಾಗ ನಾನೂ ಹೂಂ ಅಂದು ಮೀಟಿಂಗಿಗೆ ಕೂತಿದ್ದೆ. ದೀಪಾವಳಿಗೆ ಸೊರಬಕ್ಕೆ ಹೋದಾಗಲೇ ಗೊತ್ತಾಗಿದ್ದು. 48ರ ಅಮ್ಮನಿಗೆ ಮೂರು ತಿಂಗಳಿಂದ ಮುಟ್ಟು ಹತ್ತು, ಹನ್ನೆರಡು ದಿನವಾದರೂ ನಿಲ್ಲುತ್ತಿರಲಿಲ್ಲ. "ಗಂಡುಮಗನ ಹತ್ರ ಇದನ್ನೆಲ್ಲ ಹೇಗೆ ಹೇಳೋದು?" ಅಂದಳು.

ಶಿಕಾರಿಪುರದ ದೊಡ್ಡಮ್ಮ ಕಳಿಸಿದ್ದ ಅಶೋಕದ ತೊಗಟೆಯನ್ನು ಹಾಲಲ್ಲಿ ಕುದಿಸಿ ಕುಡಿಯುತ್ತಿದ್ದಳು. ಅತಿಸ್ರಾವಕ್ಕೆ ಅಶೋಕ, ಲೋಧ್ರ ಆಯುರ್ವೇದದಲ್ಲೇ ಇವೆ. ನಮ್ಮ ಜಿಲ್ಲೆಯ ನಾಟಿವೈದ್ಯರ ಮದ್ದುಗಳನ್ನು ಕುವೆಂಪು ವಿಶ್ವವಿದ್ಯಾಲಯದ ಸಂಶೋಧಕರೂ ದಾಖಲಿಸಿದ್ದಾರೆ.

ಆದರೆ ಎರಡು ತೊಡಕು. ಮದ್ದಿನ ಅಶೋಕ ಅಂದ್ರೆ ಕಿತ್ತಳೆ-ಕೆಂಪು ಹೂಗೊಂಚಲಿನ ಸೀತಾ ಅಶೋಕ. ಅಪಾರ್ಟ್‌ಮೆಂಟ್ ಕಾಂಪೌಂಡಿನಲ್ಲಿ ಕಂಬದ ಹಾಗೆ ನಿಂತಿರುವುದು ಬೇರೆಯೇ ಮರ. ಅದರ ತೊಗಟೆಯೂ ಇದೇ ಹೆಸರಲ್ಲಿ ಮಾರಾಟವಾಗುತ್ತದೆ. ಇನ್ನೊಂದು, ತೊಗಟೆ ಅಸಲಿಯಾದರೂ ರಕ್ತ ಯಾಕೆ ಹೋಗ್ತಿದೆ ಅಂತ ಅದು ಹೇಳೋದಿಲ್ಲ. ಗಡ್ಡೆ, ಥೈರಾಯ್ಡ್, ಕ್ಯಾನ್ಸರ್, ಯಾವುದೂ ಇರಬಹುದು.

ಅಮ್ಮನ ಹಿಮೋಗ್ಲೋಬಿನ್ 6.8 ಇತ್ತು; ಹೆಂಗಸರಿಗೆ 12 ಆದರೂ ಇರಬೇಕು. ಸ್ಕ್ಯಾನಿನಲ್ಲಿ ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆ ಕಂಡಿತು. ರಕ್ತ ಕೊಡಿಸಿದೆವು, ಈಗ ಚಿಕಿತ್ಸೆ ನಡೀತಿದೆ.

ದೊಡ್ಡಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಅಮ್ಮ ಬಾಯಿಬಿಟ್ಟು ಹೇಳಿದ್ದು ಅವರೊಬ್ಬರ ಹತ್ರ. ನಾನು ಕೇಳಿಯೇ ಇರಲಿಲ್ಲ.

ಮುಟ್ಟು ಏಳು ದಿನ ದಾಟಿದರೆ, ಗಂಟೆಗೊಂದು ಪ್ಯಾಡ್ ತೋಯ್ದರೆ, ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ, ಕಷಾಯಕ್ಕಿಂತ ಮೊದಲು ಡಾಕ್ಟರಿಗೆ ತೋರಿಸಿ. ಇವತ್ತು ಊರಿಗೆ ಫೋನ್ ಮಾಡಿದಾಗ "ಊಟ ಆಯ್ತಾ" ಅಂದ ಮೇಲೆ ಇದನ್ನೂ ಕೇಳಿ. ಗಂಡುಮಕ್ಕಳೂ ಕೇಳಬಹುದು.