ಮಣ್ಣು ಮೆತ್ತಿದ ದೀಪ

ಜುಲೈ ತಿಂಗಳ ಒಂದು ರಾತ್ರಿ, ಕೊಟ್ಟಿಗೆಹಾರವನ್ನು ದಾಟಿ ಚಾರ್ಮಾಡಿ ಘಾಟಿಯನ್ನು ಇಳಿಯುತ್ತಿರುವ ಜೀಪೊಂದನ್ನು ವಾಚಕರು ಕಲ್ಪಿಸಿಕೊಳ್ಳಲಿ. ಕಾಫಿ ತೋಟದ ಕೆಸರುದಾರಿಯಲ್ಲಿ ಮೂರು ಕಿಲೋಮೀಟರು ಉರುಳಿ, ಆಗತಾನೇ ಡಾಂಬರು ರಸ್ತೆಗೆ ಬಂದ ವಾಹನವದು. ಉಜಿರೆಯಲ್ಲಿ ನೆಂಟರ ಮನೆಯ ಮದುವೆ. ಹಿಂದಿನ ಸೀಟಿನಲ್ಲಿ ಮಕ್ಕಳು ನಿದ್ರಿಸುತ್ತಿದ್ದಾರೆ. ವೈಪರು ಎಡೆಬಿಡದೆ ಆಡುತ್ತಿರುವುದರಿಂದ ಮುಂಗಾಜು ನಿರ್ಮಲವಾಗಿದೆ. ಆದರೂ ರಸ್ತೆ ಮಂಕು. ಯಜಮಾನರು ಮೊದಲು ಮಂಜನ್ನು ಬಯ್ಯುತ್ತಾರೆ, ಆಮೇಲೆ ಬ್ಯಾಟರಿಯನ್ನು, ಕೊನೆಗೆ ತಮ್ಮ ಕನ್ನಡಕವನ್ನು.

"ಒಂದು ಸಲ ನಿಲ್ಲಿಸಿ, ಇಳಿದು ನೋಡಬಾರದೇ, ರೀ?" ಎನ್ನುತ್ತಾರೆ ಪತ್ನಿ.

ಇಳಿದು ನೋಡಿದರೆ ಎರಡು ದೀಪಗಳ ಮೇಲೂ ಕೆಮ್ಮಣ್ಣಿನ ಲೇಪ. ಒದ್ದೆ ಬಟ್ಟೆಯಿಂದ ಒರೆಸಿದೊಡನೆಯೇ, ಇಲ್ಲವೆಂದುಕೊಂಡಿದ್ದ ತಡೆಗೋಡೆಯೂ ಅದರಾಚೆಯ ತಿರುವೂ ಎದ್ದು ಕಾಣುತ್ತವೆ. ಯಜಮಾನರು ಮಾತಿಲ್ಲದೆ ಬಂದು ಕುಳಿತುಕೊಳ್ಳುತ್ತಾರೆ.

ಈ ಮೋಸದ ಬಗೆ ವಿಚಿತ್ರವಾದುದು. ಮುಂಗಾಜು ಕೊಳೆಯಾದರೆ ಚಾಲಕನಿಗೆ ತಕ್ಷಣ ತಿಳಿಯುತ್ತದೆ. ಏಕೆಂದರೆ ಅವನು ಅದರ ಮೂಲಕವೇ ನೋಡುತ್ತಾನೆ. ದೀಪದ ಗಾಜು ಕೊಳೆಯಾದರೆ ಸುಳಿವೇ ಸಿಗುವುದಿಲ್ಲ. ಬೆಳಕು ಒಮ್ಮೆಗೇ ಆರಿದರೆ ಗಾಬರಿಯಾದೀತು. ಹನಿಹನಿಯಾಗಿ ಕುಗ್ಗಿದರೆ ಕಣ್ಣು ಅದಕ್ಕೆ ಹೊಂದಿಕೊಳ್ಳುತ್ತ ಹೋಗುತ್ತದೆ. ಬೆಳಕು ಅರ್ಧಕ್ಕೆ ಇಳಿದರೂ ಅರ್ಧವಾಯಿತೆಂದು ಕಣ್ಣಿಗೆ ತೋರುವುದಿಲ್ಲ. ಇತ್ತ ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಜೀಪು ಒಂದು ಸೆಕೆಂಡಿಗೆ 11 ಮೀಟರು ಮುಂದೆ ಹೋಗುತ್ತದೆ. ಅಡ್ಡಬಂದ ದನವನ್ನು ಕಂಡು ಕಾಲು ಬ್ರೇಕಿನ ಮೇಲೆ ಬೀಳಲು ಒಂದೂವರೆ ಸೆಕೆಂಡು ಹಿಡಿದರೆ, ಅಷ್ಟರಲ್ಲೇ ಸುಮಾರು 17 ಮೀಟರು ಕಳೆದಿರುತ್ತದೆ. ಒದ್ದೆ ರಸ್ತೆಯಲ್ಲಿ ಪೂರ್ತಿ ನಿಲ್ಲಲು ಹೆಚ್ಚುಕಡಿಮೆ ಇನ್ನೂ ಅಷ್ಟು ಬೇಕು. ಮಂಕುದೀಪ ಕಸಿದುಕೊಳ್ಳುವುದು ಈ ಮೀಟರುಗಳನ್ನೇ. ಸಾಲದುದಕ್ಕೆ, ಮಣ್ಣಿನ ಕಣಗಳು ಬೆಳಕನ್ನು ತಡೆಯುವುದಲ್ಲದೆ ಚೆದುರಿಸಲೂ ಚೆದುರಿಸುತ್ತವೆ. ರಸ್ತೆಗೆ ಬೀಳಬೇಕಾದುದು ಮೇಲಕ್ಕೆ ಹಾರಿ, ಎದುರಿನಿಂದ ಬರುವವನ ಕಣ್ಣನ್ನು ಕುಕ್ಕುತ್ತದೆ.

ಈ ಪೀಡೆಯನ್ನು ಗಂಭೀರವಾಗಿ ಎಣಿಸಿದವರು ನಮ್ಮ ಮಳೆಯನ್ನು ಕಾಣದ ಸ್ವೀಡನ್ನಿನವರು. ಅವರಿಗೆ ಕೆಮ್ಮಣ್ಣಿನ ಬದಲು ಕರಗುವ ಹಿಮ, ಅದರ ಮೇಲೆ ಚೆಲ್ಲಿದ ಉಪ್ಪು, ಎರಡೂ ಬೆರೆತ ರಾಡಿ. ಚಳಿಗಾಲದಲ್ಲಿ ಹಗಲೇ ಕಿರಿದಾದ ನಾಡಿನಲ್ಲಿ ದೀಪ ಕೆಟ್ಟರೆ ಮನೆ ಸೇರುವುದು ಹೇಗೆ? 1970ರಲ್ಲಿ ಸಾಬ್ ಕಂಪನಿಯವರು ತಮ್ಮ ಕಾರಿನ ದೀಪಗಳಿಗೇ ಪುಟ್ಟ ವೈಪರುಗಳನ್ನು ಜೋಡಿಸಿದರು. ರೆಪ್ಪೆ ಬಡಿಯುವ ಕಾರೆಂದು ಯಾರಾದರೂ ನಕ್ಕಿದ್ದರೆ ಆಶ್ಚರ್ಯವಿಲ್ಲ. ದೀಪದ ಮುಖ ಗಾಜಿನದಾಗಿರುವವರೆಗೆ ಆ ಉಪಾಯ ಚೆನ್ನಾಗಿಯೇ ನಡೆಯಿತು. ಗಾಜು ಹೋಗಿ ಪಾಲಿಕಾರ್ಬೊನೇಟೆಂಬ ಪ್ಲಾಸ್ಟಿಕ್ಕು ಬಂದಮೇಲೆ ತೊಂದರೆ ಹುಟ್ಟಿತು. ಮರಳು ಸಿಕ್ಕಿಕೊಂಡ ರಬ್ಬರು ಅದರ ಮೇಲೆ ಉಜ್ಜಿದರೆ ಗೀರು ಬೀಳುತ್ತದೆ. ಹಾಗಾಗಿ ಉಜ್ಜುವುದನ್ನು ಬಿಟ್ಟು, ನೀರನ್ನು ರಭಸದಿಂದ ಚಿಮ್ಮಿಸಿ ತೊಳೆಯುವ ಪದ್ಧತಿ ಬಂತು.

ಯುರೋಪಿನಲ್ಲಿ ಇದಕ್ಕೆ ಕಟ್ಟುನಿಟ್ಟಾದ ನಿಯಮವುಂಟು. ದೀಪಕ್ಕೆ ಕೊಳೆ ಬಳಿದು ಬೆಳಕನ್ನು ಐದರಲ್ಲೊಂದು ಪಾಲಿಗೆ ಇಳಿಸಿ, ಆಮೇಲೆ ತೊಳೆದಾಗ ಮೂಲ ಬೆಳಕಿನ ನೂರಕ್ಕೆ 70 ಪಾಲಾದರೂ ಮರಳಬೇಕೆಂದು ಪರೀಕ್ಷೆ. 2000 ಲ್ಯೂಮೆನ್ನಿಗಿಂತ ಪ್ರಖರವಾದ ಆಕರವುಳ್ಳ ಡಿಮ್ ದೀಪಗಳಿಗೆ ಅಲ್ಲಿ ತೊಳೆಯುವ ಸಾಧನ ಕಡ್ಡಾಯ. ನಮ್ಮ ಜೀಪುಗಳಲ್ಲಿ ಸಾಮಾನ್ಯವಾದ ಎಚ್ 4 ಹ್ಯಾಲೋಜನ್ ಬಲ್ಬು ಈ ಮಿತಿಗೆ ಕೆಳಗಿನದು. ಆದರೆ ಕೆಸರಿಗೆ ಲ್ಯೂಮೆನ್ನಿನ ಲೆಕ್ಕ ಎಲ್ಲಿಂದ ಬರಬೇಕು? ಹ್ಯಾಲೋಜನ್ನಿನ ಬಿಸಿಗೆ ಗಾಜು ಕಾದು, ಮೆತ್ತಿದ ಮಣ್ಣು ಇನ್ನೂ ಬೇಗ ಒಣಗಿ ಕುಳಿತುಬಿಡುತ್ತದೆ.

ಕಾಡುಮೇಡು ಹತ್ತುವ ವಾಹನವುಳ್ಳವರು ಈ ಸಾಧನವನ್ನು ಮನೆಯಲ್ಲೇ ಅಳವಡಿಸಿಕೊಳ್ಳಬಹುದು. ಸ್ಪ್ಯಾನರು ಹಿಡಿದು ಅಭ್ಯಾಸವಿರುವವರಿಗೆ ಒಂದು ಭಾನುವಾರ ಸಾಕು. ಆದರೆ ಅನೇಕರು ಮಾಡುವ ತಪ್ಪೊಂದಿದೆ: ಮುಂಗಾಜಿಗೆ ನೀರು ಚಿಮುಕಿಸುವ ಕೊಳವೆಗೇ ಒಂದು ಕವಲು ಹಾಕಿ ದೀಪದ ಕಡೆ ಎಳೆದುಬಿಡುವುದು. ನೀರೇನೋ ಬರುತ್ತದೆ, ಮಣ್ಣು ಹೋಗುವುದಿಲ್ಲ. ಮುಂಗಾಜಿನಲ್ಲಿ ನೀರು ಬರೀ ನೆನೆಸಿದರೆ ಸಾಕು, ಉಜ್ಜಲು ವೈಪರು ಇದೆ. ದೀಪದಲ್ಲಾದರೋ ನೆನೆಸುವುದೂ ಕೀಳುವುದೂ ನೀರಿನದೇ ಕೆಲಸ. ಬೇಕಾದುದು ರಭಸ. ಆದಕಾರಣ ಹೆಡ್‌ಲೈಟಿಗೆಂದೇ ತಯಾರಾದ ಹೆಚ್ಚು ಒತ್ತಡದ ಪಂಪನ್ನೂ ಬೇರೆ ಟ್ಯಾಂಕನ್ನೂ ಇಡತಕ್ಕದ್ದು. ಒಂದು ಚಿಮ್ಮಿಕೆಗೆ ಕಾಲು ಲೀಟರು ಖರ್ಚೆಂದು ಹಿಡಿದರೆ 4 ಲೀಟರಿನ ಟ್ಯಾಂಕು 16 ಸಲ ಬರುತ್ತದೆ.

ಪಂಪು ಟ್ಯಾಂಕಿನ ತಳದಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೇ ಇರಬೇಕು. ಬಾವಿಯ ಪಂಪನ್ನು ಬಲ್ಲವರಿಗೆ ಕಾರಣ ಹೇಳಬೇಕಾಗಿಲ್ಲ. ಒಳಗೆ ನೀರಿಲ್ಲದೆ ಗಾಳಿ ತುಂಬಿದ್ದರೆ ಅದು ಬರಿದೇ ತಿರುಗುತ್ತದೆ. ಅದೇ ಬಾವಿಯ ಫುಟ್‌ವಾಲ್ವನ್ನು ಹೋಲುವ ಪುಟ್ಟ ವಾಲ್ವೊಂದನ್ನು ಕೊಳವೆಯ ನಡುವೆ ಕೂರಿಸಬೇಕು. ನೀರು ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಇದಿಲ್ಲದಿದ್ದರೆ ಪ್ರತಿಸಲವೂ ಖಾಲಿ ಕೊಳವೆ ತುಂಬುವವರೆಗೆ ಗುಂಡಿ ಒತ್ತಿಕೊಂಡಿರಬೇಕಾದೀತು.

ಕೊಳವೆ ಒತ್ತಡ ತಾಳುವ, ದಾರದ ಹೆಣಿಗೆಯುಳ್ಳ ರಬ್ಬರಿನದಿರಲಿ; ಪ್ರತಿ ಕೀಲಿಗೂ ಕ್ಲಾಂಪು ಬಿಗಿಯಿರಿ. ಎಡಬಲಕ್ಕೆ ಕವಲೊಡೆಯುವ ಟಿ-ಜೋಡಣೆ ವಾಹನದ ಸರಿಯಾದ ಮಧ್ಯದಲ್ಲಿರಬೇಕೆಂಬುದು ಸಣ್ಣ ಮಾತಾಗಿ ಕಂಡೀತು. ಒಂದು ಕಡೆಯ ಕೊಳವೆ ಉದ್ದ, ಇನ್ನೊಂದು ಗಿಡ್ಡವಾದರೆ, ಗಿಡ್ಡದ ಕಡೆಯ ದೀಪ ಮೀಯುತ್ತದೆ, ಉದ್ದದ ಕಡೆಯದು ಬರೀ ಕಣ್ಣೀರಿಡುತ್ತದೆ. ರೇಡಿಯೇಟರು, ಫ್ಯಾನುಗಳ ಹತ್ತಿರ ಕೊಳವೆ ಹಾಯದಂತೆ ನೋಡಿಕೊಳ್ಳುವುದನ್ನಂತೂ ಮರೆಯಬಾರದು.

ನಾಜಲ್ಲುಗಳನ್ನು ಬಂಪರಿನ ಮೇಲೆ, ದೀಪಕ್ಕಿಂತ ಕೆಳಗೆ, ಮೇಲ್ಮುಖವಾಗಿ ನಿಲ್ಲಿಸುವುದು ವಾಡಿಕೆ. ಬೀಸಣಿಗೆಯಂತೆ ಅಗಲವಾಗಿ ಚಿಮ್ಮುವ ಬಗೆ ಮೇಲು. ಹತ್ತಿರವಿದ್ದಷ್ಟೂ ರಭಸ ಉಳಿಯುತ್ತದೆ. ಆದರೆ ಅವು ಬೆಳಕಿನ ದಾರಿಗೆ ಅಡ್ಡ ಬಂದು ರಸ್ತೆಯ ಮೇಲೆ ನೆರಳು ಬೀಳಿಸಕೂಡದು. ಹಳೆಯ ಜೀಪಿನ ದುಂಡನೆಯ 7 ಇಂಚಿನ ದೀಪ ಈ ಕೆಲಸಕ್ಕೆ ಬಹಳ ಅನುಕೂಲ. ಹೊಸ ವಾಹನಗಳಲ್ಲಿ ಬಂಪರಿನ ಹಿಂದೆ ಗಾಳಿಚೀಲದ ಸೂಕ್ಷ್ಮ ಯಂತ್ರಗಳು ಅಡಗಿರಬಹುದಾದ್ದರಿಂದ, ತಿಳಿಯದೆ ಅಲ್ಲಿ ರಂಧ್ರ ಕೊರೆಯುವುದು ಜಾಣತನವಲ್ಲ. ಬೇರೆ ಕಬ್ಬಿಣದ ಪಟ್ಟಿಯೊಂದನ್ನು ಬೋಲ್ಟು ಹಾಕಿ ಅದರ ಮೇಲೆ ಕೂರಿಸಿದರೆ, ಬೇಡವೆನಿಸಿದ ದಿನ ಬಿಚ್ಚಲೂಬಹುದು.

ಇನ್ನು ವಿದ್ಯುತ್ತು. ಎಲ್ಲಕ್ಕಿಂತ ಮೊದಲು ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿಡತಕ್ಕದ್ದು. ಈ ಪಂಪು ಮುಂಗಾಜಿನ ಪಂಪಿಗಿಂತ ಹೊಟ್ಟೆಬಾಕ. ಹಳೆಯ ಸ್ವಿಚ್ಚಿನ ಸಪೂರ ತಂತಿಯಿಂದಲೇ ಅದಕ್ಕೆ ಉಣಿಸಹೋದರೆ ತಂತಿ ಕಾದು, ಮೇಲ್ಹೊದಿಕೆ ಕರಗಿ, ಕೆಸರು ತೊಳೆಯಹೊರಟವರು ಬೆಂಕಿ ಆರಿಸಬೇಕಾದೀತು. ಇದಕ್ಕಾಗಿಯೇ ರಿಲೇ. ಕೆರೆಯ ತೂಬನ್ನು ಎತ್ತುವವನು ಒಬ್ಬ. ಹರಿಯುವುದು ಕೆರೆಯ ನೀರು. ಹಾಗೆಯೇ ಗುಂಡಿಯಿಂದ ಬರುವ ಅಲ್ಪ ವಿದ್ಯುತ್ತು ರಿಲೇಯನ್ನು ತೆರೆಯುತ್ತದೆ. ಪಂಪಿಗೆ ಬೇಕಾದ ದೊಡ್ಡ ಪ್ರವಾಹ ಬ್ಯಾಟರಿಯಿಂದ ದಪ್ಪ ತಂತಿಯಲ್ಲಿ ನೇರವಾಗಿ ಬರುತ್ತದೆ. ಆ ತಂತಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಜು ಇರಬೇಕು, ದೂರದಲ್ಲಲ್ಲ. ಅದರ ಅಳತೆ ಪಂಪಿನ ಮೇಲೆ ನಮೂದಿಸಿದಂತೆ. ಗುಂಡಿಗೆ ಬರುವ ತಂತಿಯನ್ನು ಹೆಡ್‌ಲೈಟಿನ ಸ್ವಿಚ್ಚಿನ ನಂತರ ತೆಗೆದುಕೊಂಡರೆ ದೀಪ ಉರಿಯುವಾಗ ಮಾತ್ರ ಪಂಪು ಓಡುತ್ತದೆ. ಹಗಲು ಮಕ್ಕಳು ಗುಂಡಿಯೊತ್ತಿ ಟ್ಯಾಂಕು ಬರಿದುಮಾಡುವ ಭಯವಿಲ್ಲ. ಅರ್ತಿನ ತಂತಿಯನ್ನು ಬಣ್ಣ ಕೆರೆದ ಲೋಹಕ್ಕೇ ಬಿಗಿಯಬೇಕು. ಹಳೆಯ ವಿಲ್ಲೀಸ್ ಜೀಪನ್ನು ಮುದ್ದಿನಿಂದ ಇಟ್ಟುಕೊಂಡವರು ಇನ್ನೊಂದನ್ನು ವಿಚಾರಿಸಿಕೊಳ್ಳಲಿ: ಅವುಗಳಲ್ಲಿ ಹಲವು 6 ವೋಲ್ಟಿನವು, ಅಂಗಡಿಯಲ್ಲಿ ಸಿಗುವ ಪಂಪು 12 ವೋಲ್ಟಿನದು.

ಪರೀಕ್ಷೆಯನ್ನು ಎರಡು ಸಲ ಮಾಡಬೇಕು. ಮನೆಯ ಮುಂದೆ ನಿಲ್ಲಿಸಿಕೊಂಡು ಚಿಮ್ಮಿಸಿದಾಗ ನೀರು ದೀಪದ ನಡುವಿಗೆ ಬಿದ್ದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ವಾಹನ ಓಡುವಾಗ ಎದುರುಗಾಳಿ ಆ ಧಾರೆಯನ್ನು ಬಾಗಿಸಿಬಿಡುತ್ತದೆ. ಆದ್ದರಿಂದ ದೀಪಕ್ಕೆ ನಿಜವಾಗಿಯೂ ಕೆಸರು ಮೆತ್ತಿ, ಜನಸಂಚಾರವಿಲ್ಲದ ರಸ್ತೆಯಲ್ಲಿ ಓಡಿಸುತ್ತ ಚಿಮ್ಮಿಸಿ, ನಿಲ್ಲಿಸಿ, ಎಲ್ಲಿ ತೊಳೆದಿದೆ ಎಲ್ಲಿ ಉಳಿದಿದೆ ಎಂದು ನೋಡಿ ನಾಜಲ್ಲನ್ನು ಕೂದಲೆಳೆಯಷ್ಟು ತಿರುಗಿಸಬೇಕು. ಬೇಸರದ ಕೆಲಸವೇ ಹೌದು.

ಬಳಕೆಯ ಗುಟ್ಟೂ ಒಂದಿದೆ. ಮಲೆನಾಡಿನ ಜಿಗುಟುಮಣ್ಣು ಒಮ್ಮೆಗೆ ಬಿಡುವುದಿಲ್ಲ. ಮೊದಲ ಚಿಮ್ಮಿಕೆ ನೆನೆಸುವುದಕ್ಕೆ. ಒಂದು ನಿಮಿಷ ಬಿಟ್ಟು ಹೊಡೆದ ಎರಡನೆಯದು ಕೀಳುವುದಕ್ಕೆ. ಗುಂಡಿಯನ್ನು ಒತ್ತಿಹಿಡಿದು ಒಂದೇ ಸಲಕ್ಕೆ ಅರ್ಧ ಟ್ಯಾಂಕು ಸುರಿದರೆ ಫಲ ಕಡಿಮೆ. ಟ್ಯಾಂಕಿಗೆ ಸೋಸಿದ ಮಳೆನೀರು ಉತ್ತಮ. ಗಡಸು ನೀರಿನ ಸುಣ್ಣ ನಾಜಲ್ಲಿನ ಕಣ್ಣನ್ನು ಮುಚ್ಚುತ್ತದೆ. ಬಟ್ಟೆಯ ಸೋಪಿನ ಪುಡಿಯನ್ನೋ ಅಂಟುವಾಳದ ರಸವನ್ನೋ ಬೆರೆಸುವ ಮನೆಮದ್ದಿಗೆ ಯಾರೂ ಮನಸೋಲದಿರಲಿ; ನೊರೆಗೆ ರಭಸವಿಲ್ಲ, ಗಸಿಗೆ ನಾಜಲ್ಲೇ ಮನೆ.

ಮಣ್ಣು ಪೂರ್ತಿ ಒಣಗಿ ಗಟ್ಟಿಯಾಗಿದ್ದರೆ ಮಾತ್ರ ಯಾವ ಪಂಪೂ ಸೋಲುತ್ತದೆ. ಆಗ ಇಳಿದು, ಧಾರಾಳವಾಗಿ ನೀರು ಹೊಯ್ದು, ನೆನೆದ ಮೇಲೆ ಮೆತ್ತನೆಯ ಬಟ್ಟೆಯಿಂದ ಒರೆಸುವುದೇ ದಾರಿ. ಒಣ ಬಟ್ಟೆಯಿಂದ ಉಜ್ಜಿದರೆ ಪ್ಲಾಸ್ಟಿಕ್ಕಿನ ಹೊಳಪು ಶಾಶ್ವತವಾಗಿ ಹೋಗುತ್ತದೆ. ಹಾಗೆ ಇಳಿದಾಗ ವಾಹನದ ಹಿಂದಕ್ಕೂ ಒಮ್ಮೆ ನಡೆದು ಹೋಗಬೇಕು. ಚಕ್ರಗಳು ಎರಚಿದ ಕೆಸರಿನಲ್ಲಿ ಹಿಂದಿನ ಕೆಂಪುದೀಪಗಳೂ ಮುಚ್ಚಿಹೋಗಿರುತ್ತವೆ. ಅವಕ್ಕೆ ಪಂಪು ಇಡುವವರಿಲ್ಲ. ಘಾಟಿಯ ಮಂಜಿನಲ್ಲಿ ಹಿಂದೆ ಬರುವ ಲಾರಿಯವನಿಗೆ ಜೀಪು ಕಾಣಬೇಕಾದುದು ಅವುಗಳಿಂದಲೇ.