ಭಾನುವಾರದ ರೇಡಿಯೋ ಮತ್ತು ನಮ್ಮ ಒಂದು ಕಾರ್ಡು



ಸಂಘದ ಕಚೇರಿಗೆ ಬರುವ ಸದಸ್ಯರು ಗೊಬ್ಬರದ ದಾಸ್ತಾನು, ಸಾಲದ ಕಂತು, ಅಡಿಕೆಯ ಧಾರಣೆ ಇವನ್ನೆಲ್ಲ ವಿಚಾರಿಸಿಯಾದ ಮೇಲೆ ಎದ್ದು ಹೋಗುವ ಮುನ್ನ ಒಂದಿಷ್ಟು ಲೋಕಾಭಿರಾಮ ಮಾತಾಡುವುದು ವಾಡಿಕೆ. ಸೋಮವಾರದ ದಿನ ಆ ಮಾತು ಬಹಳ ಸಲ ಹಿಂದಿನ ದಿನದ ರೇಡಿಯೋ ಕಾರ್ಯಕ್ರಮದ ಕಡೆಗೆ ತಿರುಗುತ್ತದೆ. “ನಿನ್ನೆ ಮಾತಾಡಿದ ಹುಡುಗಿ ಚೆನ್ನಾಗಿ ನಡೆಸಿಕೊಟ್ಟಳು”, “ಆ ಹುಡುಗನ ಮಾತು ರೈಲು ಓಡಿದ ಹಾಗೆ”, “ಹಾಡಿಗಿಂತ ಇವರ ಮಾತೇ ಜಾಸ್ತಿಯಾಯಿತು” ಎಂಬ ತೀರ್ಪುಗಳು ನಮ್ಮ ಮೇಜಿನ ಮುಂದೆ ಧಾರಾಳವಾಗಿ ಹೊರಬೀಳುತ್ತವೆ. ಆದರೆ ಈ ತೀರ್ಪು ಯಾರಿಗೆ ತಲುಪಬೇಕೋ ಅವರಿಗೆ ಮಾತ್ರ ತಲುಪುವುದಿಲ್ಲ. ವಾರಾಂತ್ಯದ ನಿರೂಪಕರ ಬಗ್ಗೆ ನಮಗೆ ಅಭಿಪ್ರಾಯಗಳಿಗೆ ಬರವಿಲ್ಲ. ಅದನ್ನು ಬರೆದು ಕಳಿಸುವ ಅಭ್ಯಾಸಕ್ಕೆ ಮಾತ್ರ ಬರ ಬಂದಿದೆ. ಇದರಿಂದ ನಷ್ಟ ನಮಗೇ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ವಾರಾಂತ್ಯಕ್ಕೆ ಏಕೆ ಇಷ್ಟು ಮಹತ್ವ ಎಂದು ಕೆಲವರು ಕೇಳಬಹುದು. ತೋಟಗಾರನಿಗೆ ವಾರದ ಆರು ದಿನ ಕಿವಿ ಬೇರೆ ಕಡೆ ಇರುತ್ತದೆ. ಬಟವಾಡೆ ಮುಗಿದು, ಸಂತೆ ಮಾಡಿ, ಆಳುಗಳಿಗೆ ರಜೆ ಇರುವ ಭಾನುವಾರ ಬೆಳಗ್ಗೆ ತಿಂಡಿಯ ಹೊತ್ತಿಗೆ ಮನೆಮಂದಿಯೆಲ್ಲ ಒಂದೆಡೆ ಸೇರುತ್ತಾರೆ. ಲೈನು ಮನೆಗಳಲ್ಲೂ ಅಂದೇ ರೇಡಿಯೋ ದೊಡ್ಡದಾಗಿ ಹಾಡುವುದು. ಸುಗ್ಗಿಯ ಕಾಲದಲ್ಲಂತೂ ಅಡಿಕೆ ಸುಲಿಯುವ ಹೆಂಗಸರ ಪಕ್ಕದಲ್ಲಿ, ಕಾಫಿ ಹರವಿದ ಕಣದ ಮೂಲೆಯಲ್ಲಿ ಒಂದು ಪೆಟ್ಟಿಗೆ ಹಾಡುತ್ತಲೇ ಇರುತ್ತದೆ. ಕಣ್ಣಿಗೂ ಕೈಗೂ ಕೆಲಸವಿರುವವರಿಗೆ ಟಿ.ವಿ. ಒದಗುವುದಿಲ್ಲ, ಮೊಬೈಲೂ ಒದಗುವುದಿಲ್ಲ. ಕಿವಿಯೊಂದೇ ಬಿಡುವಾಗಿರುವವರ ಸಂಗಾತಿ ರೇಡಿಯೋ.

ಇನ್ನು ಆ ಕಡೆಯ ಸ್ಥಿತಿಯನ್ನೂ ಸ್ವಲ್ಪ ತಿಳಿಯೋಣ. ಆಕಾಶವಾಣಿಯ ನಿಲಯಗಳಲ್ಲಿ ಕಾಯಂ ಉದ್ಘೋಷಕರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತ ಬಂದರು. ಅವರ ಜಾಗಕ್ಕೆ ಹೊಸ ನೇಮಕ ಆ ಪ್ರಮಾಣದಲ್ಲಿ ಆಗಲಿಲ್ಲ. ಇಂದು ಬಹುಮಟ್ಟಿಗೆ ಮೈಕಿನ ಮುಂದೆ ಕೂರುವವರು ಧ್ವನಿಪರೀಕ್ಷೆಯಲ್ಲಿ ತೇರ್ಗಡೆಯಾಗಿ, ತಿಂಗಳಿಗೆ ಕೆಲವೇ ದಿನ ಪಾಳಿಯ ಲೆಕ್ಕದಲ್ಲಿ ಬರುವ ಹಂಗಾಮಿ ಉದ್ಘೋಷಕರು. ಒಬ್ಬರು ಶಾಲಾ ಶಿಕ್ಷಕರಿರಬಹುದು, ಇನ್ನೊಬ್ಬರು ಗೃಹಿಣಿ, ಮತ್ತೊಬ್ಬರು ಕಾಲೇಜು ಮುಗಿಸಿ ಕೆಲಸ ಹುಡುಕುತ್ತಿರುವ ಯುವಕ. ಇಂಥವರಿಗೆ ತಮ್ಮ ಕೆಲಸ ಕೇಳುಗರಿಗೆ ಹಿಡಿಸಿತೋ ಇಲ್ಲವೋ ಎಂಬುದನ್ನು ಹೇಳುವವರು ಯಾರು? ಗಾಜಿನ ಕೋಣೆಯಲ್ಲಿ ಒಬ್ಬರೇ ಕುಳಿತು ಮಾತಾಡಿ ಎದ್ದು ಹೋಗುವವರಿಗೆ ಚಪ್ಪಾಳೆಯೂ ಕೇಳಿಸುವುದಿಲ್ಲ, ಆಕಳಿಕೆಯೂ ಕಾಣಿಸುವುದಿಲ್ಲ. ಕೇಳುಗನ ಪತ್ರವೊಂದೇ ಅವರಿಗೆ ಕನ್ನಡಿ.

ಪತ್ರದಿಂದ ಏನಾದೀತು ಎನ್ನುವವರಿಗೆ ರೇಡಿಯೋ ಚರಿತ್ರೆಯೇ ಉತ್ತರ ಕೊಡುತ್ತದೆ. 1952ರಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದ ಬಿ. ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿಯಿಂದ ಸಿನಿಮಾ ಹಾಡುಗಳು ಮರೆಯಾದವು. ಶಾಸ್ತ್ರೀಯ ಸಂಗೀತ ಬೆಳೆಯಲಿ ಎಂಬ ಅವರ ಉದ್ದೇಶ ಒಳ್ಳೆಯದೇ ಇದ್ದೀತು. ಆದರೆ ಕೇಳುಗರು ಸದ್ದಿಲ್ಲದೆ ತಿರುಪು ತಿರುಗಿಸಿ ರೇಡಿಯೋ ಸಿಲೋನಿಗೆ ಹೋಗಿಬಿಟ್ಟರು. ಅಲ್ಲಿ ಅದೇ ವರ್ಷ ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’ ಪ್ರಾರಂಭವಾಯಿತು. ಅದು ವಾರಾಂತ್ಯದ್ದಲ್ಲ, ಬುಧವಾರ ರಾತ್ರಿಯದು. ಆದರೂ ಇಲ್ಲಿ ಪ್ರಸ್ತಾಪಿಸಲು ಕಾರಣವುಂಟು. ಮೊದಲ ಕಾರ್ಯಕ್ರಮಕ್ಕೇ ಒಂಬತ್ತು ಸಾವಿರದಷ್ಟು ಪತ್ರಗಳು ಬಂದವೆಂದು ಸಯಾನಿಯವರೇ ಹೇಳಿಕೊಂಡಿದ್ದರು. ಯಾವ ಹಾಡು ಮುಂದೆ, ಯಾವುದು ಹಿಂದೆ ಎಂಬ ಲೆಕ್ಕಕ್ಕೆ ಕೇಳುಗರ ಬೇಡಿಕೆಯೂ ಆಧಾರವಾಯಿತು. ಕಡೆಗೆ 1957ರ ಅಕ್ಟೋಬರ್ 3ರಂದು ಆಕಾಶವಾಣಿಯೇ ‘ವಿವಿಧ ಭಾರತಿ’ಯನ್ನು ಆರಂಭಿಸಬೇಕಾಯಿತು. ಅಂದರೆ ಬರೀ ತಿರುಪು ತಿರುಗಿಸಿ ತಿಳಿಸಿದ ಅಭಿಪ್ರಾಯ ಮುಟ್ಟಲು ಐದು ವರ್ಷ ಹಿಡಿಯಿತು. ಅಂದು ಕೇಳುಗರಿಗೆ ಹೋಗಲು ಸಿಲೋನ್ ಇತ್ತು. ಇಂದು ನಮ್ಮ ಮಲೆನಾಡಿನ ನಿಲಯ ಕೈಬಿಟ್ಟರೆ ನಮ್ಮ ಮಳೆ, ನಮ್ಮ ಬೆಳೆ, ನಮ್ಮ ಊರಿನ ಸುದ್ದಿ ಹೇಳುವ ಇನ್ನೊಂದು ಸಿಲೋನ್ ಎಲ್ಲೂ ಇಲ್ಲ.

ಇದೇ ಸಯಾನಿಯವರ ಬಗ್ಗೆ ಇನ್ನೊಂದು ಸಂಗತಿ ಪ್ರಸಿದ್ಧವಾಗಿದೆ. ಆಕಾಶವಾಣಿಯ ಹಿಂದಿ ಧ್ವನಿಪರೀಕ್ಷೆಗೆ ಹೋದಾಗ ಉಚ್ಚಾರದಲ್ಲಿ ಇಂಗ್ಲಿಷ್ ಮತ್ತು ಗುಜರಾತಿಯ ಛಾಯೆ ಇದೆಯೆಂದು ಅವರನ್ನು ಬೇಡವೆಂದಿದ್ದರು. ಆ ಮನುಷ್ಯ 2024ರ ಫೆಬ್ರವರಿಯಲ್ಲಿ ತೀರಿಕೊಂಡಾಗ ದೇಶದ ಮೂಲೆಮೂಲೆಯ ಜನ ತಮ್ಮ ಮನೆಯವರೊಬ್ಬರನ್ನು ಕಳೆದುಕೊಂಡಂತೆ ಮಾತಾಡಿದರು. ಇದನ್ನು ಹೇಳಿದ್ದು ಏಕೆಂದರೆ, ನಮ್ಮ ಸದಸ್ಯರ ದೂರುಗಳಲ್ಲಿ ಅರ್ಧಕ್ಕರ್ಧ ಉಚ್ಚಾರದ ಮೇಲೆಯೇ ಇರುತ್ತವೆ. ಘಟ್ಟದ ಮೇಲಿನವರಿಗೆ ಕರಾವಳಿಯ ರಾಗ ಹಿಡಿಸದು. ಕರಾವಳಿಯವರಿಗೆ ಬಯಲುಸೀಮೆಯ ಮಾತು ಒರಟು. ಮಂಗಳೂರು ನಿಲಯ ಕನ್ನಡದ ಜೊತೆಗೆ ತುಳು, ಕೊಂಕಣಿಗಳಲ್ಲೂ ಮಡಿಕೇರಿ ನಿಲಯ ಕೊಡವ ತಕ್ಕ್, ಅರೆಭಾಷೆಗಳಲ್ಲೂ ಕಾರ್ಯಕ್ರಮ ಕೊಡುತ್ತ ಬಂದಿವೆ. ಇಷ್ಟು ನುಡಿಗಳ ನಡುವೆ ಬೆಳೆದವರ ಕನ್ನಡಕ್ಕೆ ಊರಿನ ವಾಸನೆ ಇದ್ದರೆ ಅದು ದೋಷವೆಂದು ನಾನು ಒಪ್ಪಲಾರೆ. ಬೆಂಗಳೂರು ಆಕಾಶವಾಣಿಯ ಎ. ಎಸ್. ಮೂರ್ತಿಯವರು ಗ್ರಾಮೀಣ ಕಾರ್ಯಕ್ರಮದಲ್ಲಿ ಈರಣ್ಣನಾಗಿ ಹಳ್ಳಿಯವರ ಮಾತಿನಲ್ಲೇ ಮಾತಾಡಿದರು. ಜನ ಅವರನ್ನು ಕಡೆಯವರೆಗೂ ‘ಆಕಾಶವಾಣಿ ಈರಣ್ಣ’ ಎಂದೇ ಕರೆದರು. ಪುಸ್ತಕದ ಕನ್ನಡ ಮಾತಾಡಿದ್ದರೆ ಆ ಸಲಿಗೆ ಬರುತ್ತಿರಲಿಲ್ಲ.

ಹಾಗಾದರೆ ತಪ್ಪು ಹುಡುಕುವುದೇ ಬೇಡವೇ? ಖಂಡಿತ ಹುಡುಕಬೇಕು, ಆದರೆ ಸರಿಯಾದ ಜಾಗದಲ್ಲಿ ಹುಡುಕಬೇಕು. ಒಂದು ನಿದರ್ಶನ ಕೊಡುತ್ತೇನೆ. ಒಂದು ವಾರಾಂತ್ಯದ ಕಾರ್ಯಕ್ರಮದಲ್ಲಿ ನಿರೂಪಕರು ಬಹಳ ಉತ್ಸಾಹದಿಂದ ಅಡಿಕೆಯ ಧಾರಣೆ ಓದಿದರು. ಕ್ವಿಂಟಾಲಿಗೆ ಇಷ್ಟು ಎಂದರು. ಆದರೆ ಅದು ರಾಶಿಯೋ, ಬೆಟ್ಟೆಯೋ, ಸರಕೋ, ಗೊರಬಲೋ, ಚಾಲಿಯೋ ಎಂದು ಹೇಳಲಿಲ್ಲ. ಯಾವ ಮಾರುಕಟ್ಟೆಯದು ಎಂದೂ ಹೇಳಲಿಲ್ಲ. ಸರಕಿಗೂ ಗೊರಬಲಿಗೂ ಇರುವ ಅಂತರ ಬಲ್ಲವರಿಗೆ ಆ ಧಾರಣೆಯಿಂದ ಯಾವ ಪ್ರಯೋಜನವೂ ಇಲ್ಲ. ಬಲ್ಲದವರಿಗೆ ಅದರಿಂದ ಹಾನಿಯೇ ಉಂಟು. ಕಾಫಿಯ ಮಾತೂ ಹಾಗೆಯೇ. ಐವತ್ತು ಕಿಲೋ ಚೀಲದ ಲೆಕ್ಕವೋ ಕಿಲೋ ಲೆಕ್ಕವೋ, ಪಾರ್ಚ್‌ಮೆಂಟೋ ಚೆರ್ರಿಯೋ, ಅರೇಬಿಕಾವೋ ರೊಬಸ್ಟಾವೋ ಎಂಬುದನ್ನು ಬಿಟ್ಟು ಓದಿದ ಬೆಲೆ ಬೆಲೆಯೇ ಅಲ್ಲ. ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಶೇಕಡ 1ರದು; ಅಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಓದುವವರು ಒಂದು ಸೊನ್ನೆ ನುಂಗಿಬಿಟ್ಟರೆ ಹೊಸದಾಗಿ ತೋಟಕ್ಕಿಳಿದ ಹುಡುಗನೊಬ್ಬ ಅದನ್ನೇ ನಂಬಿ ಡ್ರಮ್ಮಿನಲ್ಲಿ ಕಲಸಿಯಾನು. ಇಂಥ ಲೋಪಗಳನ್ನು ನಾವು ಬರೆದು ತಿಳಿಸದಿದ್ದರೆ ಇನ್ನಾರು ತಿಳಿಸಬೇಕು? ಪೇಟೆಯ ಕೇಳುಗನಿಗೆ ಅದು ಲೋಪವೆಂದೇ ಹೊಳೆಯುವುದಿಲ್ಲ.

ರೇಡಿಯೋ ಮಾತನ್ನು ಕೃಷಿಕರು ಎಷ್ಟು ನಂಬುತ್ತಾರೆ ಎಂಬುದಕ್ಕೆ ನೆರೆಯ ತಮಿಳುನಾಡೇ ಸಾಕ್ಷಿ. 1960ರ ದಶಕದಲ್ಲಿ ತಂಜಾವೂರು ಜಿಲ್ಲೆಯಲ್ಲಿ ಎ.ಡಿ.ಟಿ. 27 ಎಂಬ ಭತ್ತದ ತಳಿ ಆಕಾಶವಾಣಿಯ ಪ್ರಚಾರದಿಂದ ಎಷ್ಟು ಹಬ್ಬಿತೆಂದರೆ ರೈತರು ಅದಕ್ಕೆ ‘ರೇಡಿಯೋ ಭತ್ತ’ ಎಂದೇ ಹೆಸರಿಟ್ಟರು. ಇಷ್ಟು ನಂಬಿಕೆ ಇರುವ ಕಡೆ ಮಾತಾಡುವವರಿಗೆ ಹೊಣೆಯಿದೆ, ಕೇಳುವವರಿಗೂ ಹೊಣೆಯಿದೆ.

ಈಗ ಯಾರು ರೇಡಿಯೋ ಕೇಳುತ್ತಾರೆ, ಎಲ್ಲವೂ ಮೊಬೈಲಿನಲ್ಲೇ ಬರುತ್ತದಲ್ಲ ಎಂಬುದು ನಮ್ಮ ಕಿರಿಯ ಸದಸ್ಯರ ವಾದ. ವಾದದಲ್ಲಿ ಹುರುಳಿಲ್ಲದಿಲ್ಲ. ಆಕಾಶವಾಣಿಯೇ ಇಂದು ಮೊಬೈಲಿನಲ್ಲೂ ಸಿಗುತ್ತದೆ. ಆದರೆ 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2019ರ ಆಗಸ್ಟಿನಲ್ಲಿ ಮೂಡಿಗೆರೆ–ಚಾರ್ಮಾಡಿ ಭಾಗದಲ್ಲಿ ಗುಡ್ಡ ಕುಸಿದದ್ದನ್ನು ನಾವ್ಯಾರೂ ಮರೆತಿಲ್ಲ. ಅಂಥ ಮಳೆಯಲ್ಲಿ ಮೊದಲು ಹೋಗುವುದು ಕರೆಂಟು. ಅದರ ಹಿಂದೆಯೇ ಮೊಬೈಲು ಟವರು. ಎರಡು ಸೆಲ್ಲಿನ ರೇಡಿಯೋ ಮಾತ್ರ ಕತ್ತಲಲ್ಲೂ ಮಾತಾಡುತ್ತದೆ. ಮಳೆಗೆ ಶನಿವಾರ ಭಾನುವಾರದ ರಜೆಯಿಲ್ಲ. ಆ ಹೊತ್ತಿನಲ್ಲಿ ನಮ್ಮ ನಿಲಯದಿಂದ ದೂರದ ಊರಿನ ಕಾರ್ಯಕ್ರಮದ ಮರುಪ್ರಸಾರ ಮಾತ್ರ ಬರುತ್ತಿದ್ದರೆ ನಮಗೇನು ಗತಿ? ಯಾವ ರಸ್ತೆ ಮುಚ್ಚಿದೆ, ಯಾವ ಹೊಳೆ ಸೇತುವೆ ಮೀರಿದೆ ಎಂದು ಹೇಳಲು ಸ್ಥಳವನ್ನು ಬಲ್ಲ ಒಬ್ಬ ಜೀವಂತ ನಿರೂಪಕ ಬೇಕು. ಆದ್ದರಿಂದ ವಾರಾಂತ್ಯದ ನಿರೂಪಕರ ವಿಷಯ ಬರೀ ಮನರಂಜನೆಯ ವಿಷಯವಲ್ಲ. ಬೇಸಗೆಯಲ್ಲಿ ಯಾರೂ ಕೇಳುತ್ತಿಲ್ಲ ಎಂದು ತೋರಿದ ಧ್ವನಿಯನ್ನು ಮಳೆಗಾಲದಲ್ಲಿ ಹುಡುಕಿದರೆ ಸಿಗುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಇದಕ್ಕೂ ಒಂದು ಹಳೆಯ ದಾರಿ ಇದೆ. 1956ರಲ್ಲಿ ಯುನೆಸ್ಕೋ ನೆರವಿನಿಂದ ಪುಣೆ ನಿಲಯದ ವ್ಯಾಪ್ತಿಯ ಸುಮಾರು 150 ಹಳ್ಳಿಗಳಲ್ಲಿ ಗ್ರಾಮೀಣ ರೇಡಿಯೋ ಕೂಟಗಳನ್ನು ಏರ್ಪಡಿಸಲಾಯಿತು. ಹಳ್ಳಿಯವರು ಒಂದೆಡೆ ಕುಳಿತು ಕಾರ್ಯಕ್ರಮ ಕೇಳುವುದು, ಅನಂತರ ಚರ್ಚೆ ಮಾಡುವುದು, ಸಂಚಾಲಕರು ಅದರ ವರದಿಯನ್ನೂ ಪ್ರಶ್ನೆಗಳನ್ನೂ ನಿಲಯಕ್ಕೆ ಕಳಿಸುವುದು, ಇಷ್ಟೇ ಅದರ ಕ್ರಮ. ಪ್ರಯೋಗ ಫಲಕಾರಿಯಾಯಿತೆಂದು 1959ರಲ್ಲಿ ಅದನ್ನು ದೇಶದ ಇತರ ಭಾಗಗಳಿಗೂ ವಿಸ್ತರಿಸಿದರು. ಒಬ್ಬೊಬ್ಬರಾಗಿ ಗೊಣಗುವುದಕ್ಕಿಂತ ಕೂಡಿ ಕೇಳಿ ಕೂಡಿ ಬರೆಯುವುದು ಬಲವಾದದ್ದು. ಸಹಕಾರ ಸಂಘದವರಾದ ನಮಗೆ ಈ ಪಾಠ ಹೊಸದಲ್ಲ.

ಆದಕಾರಣ ನನ್ನ ಸೂಚನೆ ಹೀಗಿದೆ. ನಮ್ಮ ಒಂದೊಂದು ಹೋಬಳಿಯಿಂದ ಇಬ್ಬರು ಸದಸ್ಯರು, ಅದರಲ್ಲಿ ಒಬ್ಬರಾದರೂ ಮಹಿಳೆ, ತಿಂಗಳಲ್ಲಿ ಎರಡು ಭಾನುವಾರ ತಮ್ಮ ಹತ್ತಿರದ ನಿಲಯದ ಕಾರ್ಯಕ್ರಮ ಗಮನವಿಟ್ಟು ಕೇಳಲಿ. ಕೇಳಿದ್ದನ್ನು ನಾಲ್ಕು ಸಾಲಿನಲ್ಲಿ ಬರೆಯಲಿ. ಯಾವ ದಿನ, ಎಷ್ಟು ಗಂಟೆಗೆ, ಯಾವ ಕಾರ್ಯಕ್ರಮ ಎಂಬುದು ಮೊದಲ ಸಾಲು. ಯಾವುದು ಉಪಯೋಗವಾಯಿತು ಎಂಬುದು ಎರಡನೆಯದು. ಎಲ್ಲಿ ತಪ್ಪಾಯಿತು, ಸರಿಯಾದದ್ದು ಏನು ಎಂಬುದು ಮೂರನೆಯದು. ಮುಂದೆ ಏನು ಬೇಕು ಎಂಬುದು ನಾಲ್ಕನೆಯದು. ‘ಕಾರ್ಯಕ್ರಮ ತುಂಬಾ ಚೆನ್ನಾಗಿತ್ತು’ ಎಂದಷ್ಟೇ ಬರೆದ ಕಾರ್ಡು ಸೌಜನ್ಯದ್ದಾದೀತೇ ಹೊರತು ಪ್ರಯೋಜನದ್ದಲ್ಲ. ಹಾಗೆಯೇ ನಿರೂಪಕರ ನಗು, ವಯಸ್ಸು, ಜಾತಿ, ಮದುವೆ ಇವುಗಳ ಬಗ್ಗೆ ಒಂದಕ್ಷರವೂ ಬೇಡ. ಹೆಣ್ಣುಮಕ್ಕಳು ನಡೆಸುವ ಕಾರ್ಯಕ್ರಮದ ಬಗ್ಗೆ ನಮ್ಮಲ್ಲಿ ಕೆಲವರು ಆಡುವ ಲಘುವಾದ ಮಾತು ಸಂಘದ ಮೇಜಿನ ಮುಂದೆಯೂ ಶೋಭಿಸುವುದಿಲ್ಲ. ಕಾಗದದಲ್ಲಂತೂ ಖಂಡಿತ ಕೂಡದು.

ಒಳ್ಳೆಯದನ್ನು ಕಂಡಾಗ ಹೆಸರು ಹಿಡಿದು ಮೆಚ್ಚುವುದನ್ನು ಮರೆಯಬಾರದು. ಪಾಳಿಯ ಲೆಕ್ಕದಲ್ಲಿ ಬರುವ ಒಬ್ಬ ಉದ್ಘೋಷಕಿಗೆ ‘ನೀವು ಹವಾಮಾನ ವರದಿಯನ್ನು ಎರಡು ಸಲ ನಿಧಾನವಾಗಿ ಓದಿದ್ದರಿಂದ ನಾವು ಅಂದು ಕಾಫಿಯನ್ನು ಕಣದಿಂದ ಎತ್ತಿದೆವು’ ಎಂದು ಬರೆದರೆ ಆಕೆ ಮುಂದಿನ ಸಲವೂ ಎರಡು ಸಲ ಓದುತ್ತಾಳೆ. ಮೇಲಧಿಕಾರಿಗಳ ಕಡತದಲ್ಲೂ ಒಂದು ಕಾಗದ ಉಳಿಯುತ್ತದೆ. ಈ ನಿಲಯಕ್ಕೆ ಕೇಳುಗರಿದ್ದಾರೆಯೇ ಎಂದು ಯಾರಾದರೂ ಕೇಳಿದ ದಿನ ಆ ಕಾಗದವೇ ಸಾಕ್ಷಿ ಹೇಳುತ್ತದೆ.

ಕಾರ್ಡುಗಳನ್ನು ಸಂಘದ ಕಚೇರಿಗೆ ತಂದುಕೊಟ್ಟರೆ ತಿಂಗಳ ಕೊನೆಯಲ್ಲಿ ಒಟ್ಟುಗೂಡಿಸಿ ಆಯಾ ನಿಲಯದ ಕಾರ್ಯಕ್ರಮ ಮುಖ್ಯಸ್ಥರಿಗೆ ಕಳಿಸುವ ವ್ಯವಸ್ಥೆ ಮಾಡಲಾಗುವುದು. ಉತ್ತರ ಬಂದರೆ ಈ ಪತ್ರಿಕೆಯಲ್ಲೇ ಪ್ರಕಟಿಸುತ್ತೇವೆ. ಹೆಸರು ಕೊಡಬಯಸುವ ಸದಸ್ಯರು ಮುಂದಿನ ಮಾಸಿಕ ಸಭೆಯೊಳಗೆ ತಿಳಿಸಬೇಕಾಗಿ ವಿನಂತಿ.

— ಕಾರ್ಯದರ್ಶಿ